ಗುಡಾಣರಾಯನ ಮೂರು ಪಾತ್ರೆಗಳು

ನಮ್ಮ ಅಜ್ಜಿಯ ಅಜ್ಜಿ ತೊಟ್ಟಿಲಲ್ಲಿ ಕೈಕಾಲು ಆಡಿಸುತ್ತಿದ್ದ ಕಾಲಕ್ಕೂ ಬಹಳ ಹಿಂದೆ, ಹೊಳೆಗಳಾಚೆಯ ಹೊಳೆ ದಾಟಿದರೆ ತೊರೆನಾಡು ಎಂಬ ರಾಜ್ಯವಿತ್ತು. ಚಿಕ್ಕ ರಾಜ್ಯ. ಈ ಗಡಿಯಲ್ಲಿ ಕೋಳಿ ಕೂಗಿದರೆ ಆ ಗಡಿಯಲ್ಲಿ ಎಚ್ಚರವಾಗುತ್ತಿತ್ತು.

ಆ ರಾಜ್ಯಕ್ಕೆ ದೇಮವ್ವ ರಾಣಿ. ಹುಟ್ಟಿದ್ದು ಅಂಬಿಗರ ಮನೆಯಲ್ಲಿ. ಹೊಳೆ ದಾಟಿಸಲು ಹುಟ್ಟು ಹಾಕುತ್ತಿದ್ದಾಗ ರಾಜ ಕಂಡು ಮೆಚ್ಚಿ ಮದುವೆಯಾದ. ಮಗು ಹುಟ್ಟುವ ಮೊದಲೇ ಜ್ವರ ಬಂದು ತೀರಿಕೊಂಡ. ಈಗ ಸಿಂಹಾಸನಕ್ಕೆ ಉಳಿದವನು ಚಾಗಿ, ಅಂಬೆಗಾಲಿಡುವ ಕೂಸು. ಸಿಂಹಾಸನದ ಮೇಲೆ ಕೂರಿಸಿದರೆ ಅದರ ಸಿಂಹದ ಕಿವಿಯನ್ನು ಕಚ್ಚಿ ಜೊಲ್ಲು ಸುರಿಸುತ್ತಿದ್ದ.

ಕೂಸು ದೊಡ್ಡದಾಗುವ ತನಕ ದೇಮವ್ವನದೇ ಆಳ್ವಿಕೆ. ಇಬ್ಬರಿಗೆ ಇದು ಹಿಡಿಸಿರಲಿಲ್ಲ. ಒಬ್ಬ ಅವಳ ಮೈದುನ ಗೋವರಸ, ದಂಡನಾಯಕ. ಇನ್ನೊಬ್ಬ ಮುದುಕ ಪ್ರಧಾನಿ ಬೊಪ್ಪಣ್ಣ. ಗೋವರಸ ಎಡಕ್ಕೆ ಎಂದರೆ ಬೊಪ್ಪಣ್ಣ ಬಲಕ್ಕೆ ಎನ್ನುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡುವುದಕ್ಕಿಂತ ಹೆಚ್ಚಾಗಿ ಸಿಂಹಾಸನವನ್ನು ನೋಡುತ್ತಿದ್ದರು. ಅದನ್ನು ಕಂಡಾಗಲೆಲ್ಲ ದೇಮವ್ವನ ಕೈ ಮಗುವಿನ ಬೆನ್ನ ಮೇಲೆ ಬಿಗಿಯಾಗುತ್ತಿತ್ತು. ಮಗು ಹುಟ್ಟಿದ ಗಳಿಗೆಯಲ್ಲೇ ಅವಳ ಎದೆಯಲ್ಲಿ ಒಂದು ಭಯವೂ ಹುಟ್ಟಿತ್ತು. ಮಗುವಿನ ಜೊತೆ ಅದೂ ಹಾಲು ಕುಡಿದು ಬೆಳೆಯುತ್ತಿತ್ತು.

ತೊರೆನಾಡಿನಲ್ಲಿ ಒಂದು ಪದ್ಧತಿ. ಪಕ್ಕದ ಮನೆಯಿಂದ ಪಾತ್ರೆಯಲ್ಲಿ ಏನಾದರೂ ಬಂದರೆ, ಆ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವಂತಿಲ್ಲ. ಮನೆಯಲ್ಲಿ ಏನೂ ಇಲ್ಲದಿದ್ದರೆ ಒಂದು ಚೂರು ಬೆಲ್ಲವನ್ನಾದರೂ ಹಾಕಿ ಕೊಡಬೇಕು. ಮನೆಗೂ ಇದೇ ಪದ್ಧತಿ, ಅರಮನೆಗೂ ಇದೇ. ಬೇರೆ ದೊರೆ ಪಾತ್ರೆ ಕಳಿಸಿದರೆ ತುಂಬಿಸಿ ಕಳಿಸಬೇಕು. ಬರಿದು ಕಳಿಸಿದರೆ ಹಗೆ ಕಟ್ಟಿಕೊಂಡಂತೆ.

ಈ ಪದ್ಧತಿಯನ್ನು ಚೆನ್ನಾಗಿ ಬಲ್ಲವನೊಬ್ಬ ಮಬ್ಬುಸೀಮೆಯಲ್ಲಿ ಕೂತಿದ್ದ. ಅವನ ಹೆಸರು ಗುಡಾಣರಾಯ. ದೊಡ್ಡ ಮಾಂತ್ರಿಕ. ಅವನು ಯಾರ ಮೇಲೂ ದಂಡೆತ್ತಿ ಹೋದವನಲ್ಲ, ಒಂದು ಬಾಣವನ್ನೂ ಬಿಟ್ಟವನಲ್ಲ. ಪಾತ್ರೆ ಕಳಿಸುತ್ತಿದ್ದ, ಅಷ್ಟೆ. ಮೊದಲು ಪಡುವಲ ನಾಡಿಗೆ ಕಳಿಸಿದ. ಅಲ್ಲಿ ಮಳೆ ನಿಂತಿತು. ಆಮೇಲೆ ಜೇನುನಾಡಿಗೆ ಕಳಿಸಿದ. ಅಲ್ಲಿ ಯಾರ ಗಂಟಲಿನಿಂದಲೂ ಹಾಡು ಬರದಾಯಿತು. ಕಣಿವೆನಾಡಿನ ದೊರೆ ಜಾಣ, ಪಾತ್ರೆಯನ್ನು ಬರಿದಾಗಿಯೇ ಹಿಂದಕ್ಕೆ ಕಳಿಸಿದ. ಮಾರನೆಯ ದಿನ ಕಣಿವೆನಾಡೇ ಬರಿದಾಗಿತ್ತು. ಮನೆಗಳಿದ್ದವು, ಒಲೆಯ ಮೇಲೆ ಎಸರು ಕುದಿಯುತ್ತಿತ್ತು, ಮನುಷ್ಯರು ಮಾತ್ರ ಇರಲಿಲ್ಲ.

ಸುತ್ತಲಿನ ದೊರೆಗಳು ಇದನ್ನೆಲ್ಲ ಕೇಳಿ "ಅಯ್ಯೋ ಪಾಪ, ಅದು ಅವರ ನಾಡಿನ ವಿಷಯ" ಎಂದರು. ಪಕ್ಕದ ಮನೆಗೆ ಬೆಂಕಿ ಬಿದ್ದಾಗ ಚಳಿ ಕಾಯಿಸಿಕೊಳ್ಳುವ ಜನ. ತೊರೆನಾಡಿನವರೂ ಕೈಚಾಚಿ ಕಾಯಿಸಿಕೊಂಡಿದ್ದರು, ಸುಳ್ಳೇಕೆ.

ಒಂದು ಬೆಳಿಗ್ಗೆ ತೊರೆನಾಡಿನ ಕೋಟೆಬಾಗಿಲಿಗೆ ಒಂದು ರಥ ಬಂತು. ರಥದಿಂದ ಇಳಿದ ದೂತ ಉದ್ದಕ್ಕೆ, ತೆಳ್ಳಗೆ, ಒಣಗಲು ಹಾಕಿದ ಪಂಚೆಯಂತಿದ್ದ. ಎಲ್ಲರ ನೆರಳೂ ಬಿಸಿಲಿಗೆ ಬೆನ್ನು ಹಾಕಿ ಬಿದ್ದರೆ, ಇವನ ನೆರಳು ಬಿಸಿಲಿನ ಕಡೆಗೇ ಬೀಳುತ್ತಿತ್ತು. ಕೈಯಲ್ಲಿ ಮುಚ್ಚಳವಿದ್ದ ಕರಿ ಕಂಚಿನ ಒಂದು ಬಟ್ಟಲು, ಅದರ ತುಂಬ ಕಲ್ಲುಸಕ್ಕರೆ.

"ನಮ್ಮ ದೊರೆ ಸ್ನೇಹ ಕೇಳಿ ಕಳಿಸಿದ್ದಾರೆ" ಎಂದ ದೂತ. ತುಟಿ ಅಲ್ಲಾಡಲಿಲ್ಲ. "ಬಟ್ಟಲನ್ನು ನಿಮ್ಮ ಪದ್ಧತಿಯಂತೆ ಹಿಂದಕ್ಕೆ ಕೊಡಿ."

ಸಭೆ ನಡುಗಿತು. ಏನು ಹಾಕುವುದು? ಗೋವರಸ ಬಂಗಾರ ಎಂದ. ಬೊಪ್ಪಣ್ಣ ಭತ್ತ ಎಂದ. ದೇಮವ್ವ ಯೋಚಿಸಿದಳು. "ಸ್ನೇಹ ಕೇಳಿದವರಿಗೆ ಉಪ್ಪು ಕೊಡೋದು. ಉಪ್ಪು ತಿಂದ ಮನೆಗೆ ಎರಡು ಬಗೆಯೋನು ಯಾರಿದಾನೆ?" ಎಂದು ಒಂದು ಹಿಡಿ ಉಪ್ಪು ಹಾಕಿ ಕಳಿಸಿದಳು.

ಮಬ್ಬುಸೀಮೆಯಲ್ಲಿ ಗುಡಾಣರಾಯ ಬಟ್ಟಲಿನ ಮುಚ್ಚಳ ತೆಗೆದ ಗಳಿಗೆಗೆ, ಇತ್ತ ತೊರೆನಾಡಿನಲ್ಲಿ ಉಪ್ಪೆಂಬುದೇ ಇಲ್ಲವಾಯಿತು. ಅಡುಗೆಮನೆಯ ಮರಿಗೆಯಲ್ಲಿ ಇಲ್ಲ, ಅಂಗಡಿಯಲ್ಲಿ ಇಲ್ಲ, ಉಪ್ಪಿನಕಾಯಿ ಜಾಡಿಯಲ್ಲೂ ಇಲ್ಲ. ಹೊರಗಿನಿಂದ ತಂದರೆ ಗಡಿ ದಾಟುವಾಗ ಮೂಟೆ ಹಗುರಾಗುತ್ತಿತ್ತು. ದನಗಳು ಗೋಡೆ ನೆಕ್ಕಿ ಸೊರಗಿದವು. ಒಂದು ದಿನ ದೇಮವ್ವ ಮಗುವಿನ ಕಣ್ಣೀರಿಗೆ ಮುತ್ತಿಟ್ಟಳು. ನಾಲಿಗೆಗೆ ಬರೀ ನೀರು ತಗುಲಿತು. ಕಣ್ಣೀರಿನಲ್ಲೂ ಉಪ್ಪಿರಲಿಲ್ಲ. ಅವತ್ತೇ ಸಭೆ ಕರೆಸಿದಳು.

"ಇಟ್ಟಿದ್ದು ಒಂದು ಹಿಡಿ, ಹೋಗಿದ್ದು ಪೂರ್ತಿ" ಎಂದಳು ಸಭೆಯಲ್ಲಿ. "ಆ ಬಟ್ಟಲಿನ ಗುಣ ಅದು. ಹಾಕಿದ್ದು ಯಾವುದೋ, ಆ ಜಾತಿಯದ್ದನ್ನೆಲ್ಲ ಎಳೆದುಕೊಳ್ತದೆ."

ಯಾರು ಕೇಳಬೇಕು? "ಉಪ್ಪನ್ನು ಪ್ರಧಾನಿ ಬಚ್ಚಿಟ್ಟಿದ್ದಾನೆ" ಎಂದ ಗೋವರಸ. "ದಂಡನಾಯಕನೇ ಕದ್ದು ಮಾರಿದ್ದಾನೆ" ಎಂದ ಬೊಪ್ಪಣ್ಣ. ಇಬ್ಬರಿಗೂ ನಿಜ ಗೊತ್ತಿತ್ತು. ಆದರೆ ನಿಜಕ್ಕಿಂತ ಜಗಳ ಹೆಚ್ಚು ಉಪಯೋಗಕ್ಕೆ ಬರುತ್ತಿತ್ತು.

ಎರಡನೆಯ ಸಲ ರಥ ಬಂತು. ಈ ಸಲ ಕರಿ ಕಂಚಿನ ತಪ್ಪಲೆ, ಅದರ ತುಂಬ ರೇಷ್ಮೆಬಟ್ಟೆ.

ದೇಮವ್ವ ಇದಕ್ಕೆ ಕಾದು ಕೂತಿದ್ದಳು. ಒಂದು ಸೊಳ್ಳೆಯನ್ನು ಹಿಡಿಸಿ ಇಟ್ಟಿದ್ದಳು. "ಹಾಕಿರಿ ಇದನ್ನ. ನಾಡಿನ ಸೊಳ್ಳೆಯೆಲ್ಲ ಅವನ ಅರಮನೆಗೆ ಹೋಗಲಿ. ಹಗಲು ರಾತ್ರಿ ಕೆರೆದುಕೊಂಡು ಕೂರಲಿ." ಸಭೆ ನಕ್ಕಿತು. ಹಾಕಿದರು. ತಪ್ಪಲೆ ಗುರ್ ಎಂದು ಸದ್ದು ಮಾಡಿ ಸೊಳ್ಳೆಯನ್ನು ಉಗುಳಿತು. ಮುಳ್ಳು ಹಾಕಿದರು, ಉಗುಳಿತು. ಕಸ ಹಾಕಿದರು, ಅದನ್ನೂ ಉಗುಳಿತು.

"ನಿಮಗೆ ಬೇಡವಾದದ್ದು ನಮ್ಮ ದೊರೆಗೂ ಬೇಡ" ಎಂದ ದೂತ. "ನೀವು ಎದೆಗವಚಿಕೊಂಡು ಕಾಪಾಡಿದ್ದನ್ನು ಮಾತ್ರ ಇದು ಒಪ್ಪುತ್ತದೆ."

ಗೋವರಸನಿಗೆ ರೋಷ ಉಕ್ಕಿತು. "ಎದೆಗವಚಿಕೊಂಡದ್ದು ಬೇಕೇನೋ? ತಗೋ!" ಎಂದು ಸೊಂಟದ ಕಠಾರಿಯನ್ನು ಎಸೆದ. ತಾತನ ಕಾಲದ ಕಠಾರಿ. ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡೇ ಅವನು ಮಲಗುತ್ತಿದ್ದ.

"ಬೇಡ ಗೋವರಸ!" ಎಂದು ದೇಮವ್ವ ಕೂಗುವಷ್ಟರಲ್ಲಿ ತಪ್ಪಲೆ ಕಠಾರಿಯನ್ನು ನುಂಗಿ ಮುಚ್ಚಳ ಹಾಕಿಕೊಂಡಿತ್ತು.

ಅತ್ತ ಮುಚ್ಚಳ ತೆಗೆದ ಗಳಿಗೆಗೆ ಇತ್ತ ನಾಡಿನ ಕಬ್ಬಿಣವೆಲ್ಲ ಮಾಯ. ಸೈನಿಕರ ಒರೆಯಲ್ಲಿ ಕತ್ತಿ ಇಲ್ಲ, ರೈತರ ನೇಗಿಲಿಗೆ ಗುಳ ಇಲ್ಲ. ಮೊಳೆ ಹೋಗಿ ಬಾಗಿಲುಗಳು ಮನೆಯೊಳಕ್ಕೆ ಬಿದ್ದವು. ಕೋಟೆಯ ದೊಡ್ಡ ಬಾಗಿಲು ಬಿದ್ದ ಸದ್ದಿಗೆ ಊರಿನ ಮಕ್ಕಳೆಲ್ಲ ಒಟ್ಟಿಗೇ ಅತ್ತವು. ಈಗ ತೊರೆನಾಡಿಗೆ ಮುಚ್ಚಲು ಬಾಗಿಲಿಲ್ಲ, ಹಿಡಿಯಲು ಆಯುಧವಿಲ್ಲ.

ಮೂರನೆಯ ಸಲ ರಥ ಬಂದದ್ದು ತೆರೆದ ಕೋಟೆಯೊಳಕ್ಕೆ ನೇರವಾಗಿ. ಈ ಸಲ ತಂದದ್ದು ಕೊಪ್ಪರಿಗೆ. ತೊಟ್ಟಿಲಷ್ಟು ದೊಡ್ಡದು. ಒಳಗೆ ಬೆಳ್ಳಿಯ ಒಂದು ಗಿಲಕಿ ಇತ್ತು, ಮಕ್ಕಳು ಆಡುವಂಥದ್ದು. ಯಾರೂ ಮುಟ್ಟದಿದ್ದರೂ ಅದು ಗಿಲಿಗಿಲಿ ಎನ್ನುತ್ತಿತ್ತು.

ದೇಮವ್ವ ಮಗುವನ್ನು ಸೆರಗಿನೊಳಗೆ ಎಳೆದುಕೊಂಡಳು.

"ಸ್ನೇಹ ಗಟ್ಟಿಯಾಗಬೇಕು" ಎಂದ ದೂತ. "ನಿಮ್ಮ ಪುಟ್ಟ ದೊರೆಯನ್ನು ಒತ್ತೆಯಾಗಿ ಕೊಡಿ. ನಮ್ಮ ದೊರೆ ತಾತನ ಹಾಗೆ ಸಾಕುತ್ತಾರೆ. ಹೊತ್ತು ಮುಳುಗಿದ ಮೇಲೆ ಹೊರಡುತ್ತೇನೆ. ಬರಿದು ಕಳಿಸಿದರೆ ಏನಾಗುತ್ತದೆಂದು ಕಣಿವೆನಾಡಿಗೆ ಹೋಗಿ ನೋಡಿ ಬನ್ನಿ."

ಅವನು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ಸಭೆಯಲ್ಲಿ ಗೋವರಸ ಎದ್ದು ನಿಂತ.

"ಅತ್ತಿಗೆ, ನಾಡು ದೊಡ್ಡದು. ರಾಜರು ರಾಜರಿಗೆ ಮಕ್ಕಳನ್ನು ಒತ್ತೆ ಇಡೋದು ಹೊಸದಲ್ಲ. ಕೊಟ್ಟುಬಿಡೋಣ."

"ದಂಡನಾಯಕರು ಹೇಳಿದ್ದು ಸರಿ" ಎಂದ ಬೊಪ್ಪಣ್ಣ.

ಜನ ಬೆರಗಾದರು. ಇಬ್ಬರೂ ಒಂದು ಮಾತಿಗೆ ಹೂಂ ಎಂದದ್ದು ಅದೇ ಮೊದಲು.

ದೇಮವ್ವ ಮಗುವನ್ನು ಎದೆಗೊತ್ತಿಕೊಂಡು ನಕ್ಕಳು. ಆ ನಗು ಕೇಳಲು ಚೆನ್ನಾಗಿರಲಿಲ್ಲ. "ಆಹಾ, ಏನು ಒಗ್ಗಟ್ಟು! ಹಾವು ಮುಂಗುಸಿ ಸೇರಿ ಮೊಟ್ಟೆ ಹಂಚಿಕೊಳ್ಳೋಕೆ ಕೂತ ಹಾಗಿದೆ. ಪ್ರಧಾನಿಗಳೇ, ಹಾಕಿದ ಜಾತಿಯದ್ದೆಲ್ಲ ಹೋಗ್ತದೆ. ಉಪ್ಪು ಹಾಕಿದ್ರೆ ಉಪ್ಪೆಲ್ಲ, ಕಬ್ಬಿಣ ಹಾಕಿದ್ರೆ ಕಬ್ಬಿಣವೆಲ್ಲ. ಒಂದು ಕೂಸು ಹಾಕಿದ್ರೆ? ಮನೇಲಿ ನಿಮ್ಮ ಮೊಮ್ಮಗಳು ಕಾಲಿಗೆ ಗೆಜ್ಜೆ ಕಟ್ಟಿಸಿಕೊಂಡು ಕಾಯ್ತಾ ಇರ್ತಾಳಲ್ಲ, ಹೋಗಿ ಒಂದು ಸಲ ಎತ್ತಿ ಆಡಿಸಿ ಬನ್ನಿ. ಮತ್ತೆ ಸಿಗಲ್ಲ."

ಬೊಪ್ಪಣ್ಣ ಮೆಲ್ಲಗೆ ಕೂತುಬಿಟ್ಟ.

"ಮಕ್ಕಳು ಮತ್ತೆ ಹುಟ್ತಾವೆ" ಎಂದ ಗೋವರಸ. ಅವನಿಗೆ ಮಕ್ಕಳಿರಲಿಲ್ಲ. "ನಾಡು ಹೋದರೆ ಮತ್ತೆ ಹುಟ್ಟಲ್ಲ. ಹೊತ್ತು ಮುಳುಗೋದರೊಳಗೆ ನೀವೇ ಕೊಟ್ಟರೆ ಸರಿ ಅತ್ತಿಗೆ. ಇಲ್ಲ ಅಂದ್ರೆ ನನ್ನ ಆಳುಗಳು ಬಂದು ತಗೋತಾರೆ."

ದೇಮವ್ವ ಕೊಪ್ಪರಿಗೆಯನ್ನು ಒಳಮನೆಗೆ ತರಿಸಿ ಬಾಗಿಲಿಗೆ ಅಡ್ಡವಾಗಿ ಮಂಚ ಎಳೆದಳು. ಒಳಗಿದ್ದವರು ಮೂವರು: ಅವಳು, ಮಗು, ಮುದುಕಿ ದಾದಿ ಗುಜ್ಜವ್ವ. ಹೊರಗೆ ಆಳುಗಳ ಹೆಜ್ಜೆ ಸದ್ದು ಆಗಲೇ ಶುರುವಾಗಿತ್ತು. ಕಿಟಕಿಯ ಬಿಸಿಲು ಗೋಡೆಯ ಮೇಲೆ ಮೇಲಕ್ಕೆ ಏರುತ್ತಿತ್ತು. ಮಗು ಕೊಪ್ಪರಿಗೆಯ ಕಡೆಗೇ ಅಂಬೆಗಾಲಿಟ್ಟು ಹೋಗುತ್ತಿತ್ತು, ಗಿಲಕಿಯ ಆಸೆಗೆ. ಅವಳು ಎಳೆದು ತಂದಷ್ಟೂ ಹೋಗುತ್ತಿತ್ತು.

ಮುಚ್ಚಂಜೆಯಾಯಿತು. ಮಗು ರಚ್ಚೆ ಹಿಡಿಯಿತು.

"ಅಷ್ಟು ಜನರ ಕಣ್ಣು ಬಿದ್ದಿದೆ, ಅಳದೆ ಇರ್ತದಾ" ಎಂದಳು ಗುಜ್ಜವ್ವ. "ದೃಷ್ಟಿ ತೆಗೀಬೇಕಿತ್ತು. ಉಪ್ಪೇ ಇಲ್ಲವಲ್ಲ ನನ್ನವ್ವಾ. ಬರೀ ಕೈಯಲ್ಲಾದ್ರೂ ನಿವಾಳಿಸು."

ಉಪ್ಪು ಮೆಣಸಿನಕಾಯಿ ಇಲ್ಲದೆ ದೇಮವ್ವ ಬರಿ ಮುಷ್ಟಿಯನ್ನೇ ಮಗುವಿನ ತಲೆಯಿಂದ ಕಾಲಿನವರೆಗೆ ನಿವಾಳಿಸಿದಳು. ಊರ ಕಣ್ಣು, ಕೇರಿ ಕಣ್ಣು, ಮನೆಯೊಳಗಿನ ಕಣ್ಣು. ಒಂದು ಸುತ್ತಿಗೇ ಮುಷ್ಟಿ ಭಾರವಾಯಿತು. ಎರಡನೆಯ ಸುತ್ತಿಗೆ ಸುಡತೊಡಗಿತು. ಮೂರನೆಯ ಸುತ್ತಿಗೆ ಬೆರಳ ಸಂದಿಯಿಂದ ಏನೋ ಕಪ್ಪಗೆ ಜಿನುಗಿತು.

ಅದು ಏನೆಂದು ಅವಳಿಗೆ ತಕ್ಷಣ ಗೊತ್ತಾಯಿತು. ಮಗು ಹುಟ್ಟಿದ ಗಳಿಗೆಯಿಂದ ಎದೆಗವಚಿಕೊಂಡು, ಹಾಲೂಡಿಸಿ, ನಿದ್ದೆಗೆಟ್ಟು ಕಾಪಾಡಿದ್ದು ಮಗುವೊಂದನ್ನೇ ಅಲ್ಲವಲ್ಲ.

"ಗುಜ್ಜವ್ವಾ, ಕೊಪ್ಪರಿಗೆ ಮುಚ್ಚಳ ತೆಗಿ."

"ಏನು ಹಾಕ್ತೀಯೇ ಅದಕ್ಕೆ?"

"ನನ್ನ ಹೆದರಿಕೆ."

ಮುಷ್ಟಿ ಬಿಚ್ಚಿದಳು. ಒಲೆಯ ಮಸಿಯಂಥ ಕಪ್ಪು ಕೊಪ್ಪರಿಗೆಗೆ ಬಿತ್ತು. ಇಬ್ಬರೂ ಉಸಿರು ಹಿಡಿದು ನಿಂತರು. ಕೊಪ್ಪರಿಗೆ ಉಗುಳಲಿಲ್ಲ. ಮೆಲ್ಲಗೆ ಚಪ್ಪರಿಸಿತು. ಒಳಗಿನಿಂದ ಎಳೆಯ ಕೂಸು ಮುಲುಗಿದಂಥ ಸದ್ದು ಬಂತು. ದೇಮವ್ವ ಚಾಗಿಯ ಕುಲಾವಿಯನ್ನು ಮುಚ್ಚಳಕ್ಕೆ ಕಟ್ಟಿ, ಮಗುವನ್ನು ಗುಜ್ಜವ್ವನ ಕೈಗೆ ಕೊಟ್ಟಳು. "ಅಟ್ಟಕ್ಕೆ ಹೋಗು. ಯಾರು ಕರೆದರೂ ಇಳೀಬೇಡ."

ಹೊರಗೆ ಬಂದು ದೂತನಿಗೆ ಹೇಳಿದಳು: "ಕೊಪ್ಪರಿಗೆ ತುಂಬಿದೆ. ನಾನೂ ಬರ್ತೀನಿ. ತಾಯಿ ತಾನೇ ಒಪ್ಪಿಸೋದು ನಮ್ಮ ಪದ್ಧತಿ." ಹಾಗೊಂದು ಪದ್ಧತಿ ಇರಲಿಲ್ಲ. ಕೊಪ್ಪರಿಗೆಯೊಳಗಿನ ಮುಲುಗು ಕೇಳಿ, ಕುಲಾವಿ ಕಂಡು ಗೋವರಸ ತಲೆ ತಗ್ಗಿಸಿದ. ಬಾಯಂಚಿನಲ್ಲಿ ನಗು ಇತ್ತು.

ರಥದ ಕುದುರೆಗಳನ್ನು ಆಗ ಅವಳು ಹತ್ತಿರದಿಂದ ನೋಡಿದಳು. ಎಲ್ಲ ಕುದುರೆಗಳ ಕಿವಿಯಲ್ಲೂ ಬಂಗಾರದ ಒಂಟಿ. ಕಣ್ಣು ಮನುಷ್ಯರದು. ಒಂದು ಕುದುರೆ ಅವಳನ್ನು ನೋಡಿ, ಕೊಪ್ಪರಿಗೆಯನ್ನು ನೋಡಿ, ಕಣ್ಣೀರು ಸುರಿಸಿತು. ಅವೆಲ್ಲ ತಮ್ಮ ಮಕ್ಕಳನ್ನು ಒತ್ತೆ ಕೊಟ್ಟು ಸಿಂಹಾಸನ ಉಳಿಸಿಕೊಳ್ಳಲು ನೋಡಿದ ದೊರೆಗಳು. ದೇಮವ್ವನ ಹಲ್ಲು ಕಟಕಟ ಎಂದವು. ಕೊಪ್ಪರಿಗೆಗೆ ಹಾಕಿದ್ದರೂ ಭಯ ಇನ್ನೂ ಅವಳನ್ನು ಬಿಟ್ಟಿರಲಿಲ್ಲ. ಮುಚ್ಚಳ ತೆಗೆಯುವ ತನಕ ಬಿಡುವಂತೆಯೂ ಇರಲಿಲ್ಲ.

ದಾರಿಯಲ್ಲಿ ದೂತ ಕೇಳಿದ, "ಮಗು ಯಾಕೆ ಜೋರಾಗಿ ಅಳುವುದಿಲ್ಲ?"

"ನಿನ್ನ ಮೋರೆ ನೋಡಿದ ಮೇಲೆ ಇನ್ನೇನು ಅಳ್ತದೆ?" ಎಂದಳು.

ಮಬ್ಬುಸೀಮೆಯಲ್ಲಿ ಹಗಲೂ ಇರಲಿಲ್ಲ, ರಾತ್ರಿಯೂ ಇರಲಿಲ್ಲ. ಅರಮನೆಯ ಪಡಸಾಲೆಯ ತುಂಬ ಅಟ್ಟಣೆಗಳು, ಅವುಗಳ ತುಂಬ ಪಾತ್ರೆಗಳು. ಒಂದರಲ್ಲಿ ಮಳೆ ಸುರಿಯುತ್ತಿತ್ತು. ಒಂದರಲ್ಲಿ ಹಾಡುಗಳು ಮುಚ್ಚಳಕ್ಕೆ ತಲೆ ಬಡಿದುಕೊಳ್ಳುತ್ತಿದ್ದವು. ಒಂದು ದೊಡ್ಡ ಹಂಡೆಯೊಳಗಿನಿಂದ "ಅಮ್ಮಾ, ಕತ್ತಲೆ" ಎಂದು ಕೇಳುತ್ತಿತ್ತು. ಒಂದು ದನಿಯಲ್ಲ, ನೂರಾರು. ದೇಮವ್ವ ಕಿವಿ ಮುಚ್ಚಿಕೊಂಡಳು. ಕೈ ತೆಗೆದಾಗಲೂ ಅದು ಕೇಳುತ್ತಲೇ ಇತ್ತು.

ಗುಡಾಣರಾಯ ಎದುರಿಗೆ ಬಂದ. ಕೋರೆಹಲ್ಲಿಲ್ಲ, ಕೊಂಬಿಲ್ಲ. ಬೊಚ್ಚುಬಾಯಿಯ ಪುಟ್ಟ ಮುದುಕ. ಮೆತ್ತಗಿನ ಮಾತು. ಅದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿತು.

"ಬಾ ಮಗಳೇ, ಬಾ. ಅಷ್ಟು ದೂರದಿಂದ ಬಂದೆಯಾ? ನಡುಗ್ತಾ ಇದ್ದೀಯಲ್ಲ! ಎಲ್ಲರೂ ಇಲ್ಲಿಗೆ ಬಂದು ನಡುಗ್ತಾರೆ. ಅದೇನದು ನಡುಗೋದು ಅಂದ್ರೆ? ಇಷ್ಟು ವರ್ಷವಾಯ್ತು, ನನಗೆ ಒಂದು ಸಲಾನೂ ಬಂದಿಲ್ಲ."

"ನಿಮಗೆ ಯಾವುದರ ಹೆದರಿಕೇನೂ ಇಲ್ವಾ ತಾತ?"

"ಯಾತರದು? ನನ್ನದು ಅಂತ ನಾನು ಯಾವತ್ತೂ ಏನನ್ನೂ ಎದೆಗವಚಿಕೊಂಡವನಲ್ಲ. ಎಲ್ಲ ಬೇರೆಯವರದೇ." ಅವನು ಮಗುವಿನ ಹಾಗೆ ನಕ್ಕ. "ತೆಗಿ, ತೆಗಿ. ಹಸಿವಾಗಿದೆ."

ಅವನೇ ಕುಲಾವಿಯನ್ನು ಬಿಚ್ಚಿ ಎಸೆದ. ಮುಚ್ಚಳ ತೆಗೆದ. ಬಾಯಿ ಅಗಲಿಸಿ ಉಸಿರು ಎಳೆದುಕೊಂಡ.

ಆ ಗಳಿಗೆಗೆ ತೊರೆನಾಡಿನ ಹೆದರಿಕೆಯೆಲ್ಲ ಅಲ್ಲಿಂದ ಎದ್ದಿತು. ಹೊಸ್ತಿಲಲ್ಲಿ ಗಂಡನಿಗೆ ಕಾಯುವವಳ ಹೆದರಿಕೆ, ಕಳ್ಳರ ಹೆದರಿಕೆ, ಕತ್ತಲೆಯ ಹೆದರಿಕೆ, ಜ್ವರದ ಮಗುವಿನ ಹಣೆ ಮುಟ್ಟುವ ಕೈಯ ಹೆದರಿಕೆ, ಎಲ್ಲವೂ ಕಾಗೆಗಳ ಹಿಂಡಿನ ಹಾಗೆ ಬಂದು ಕೊಪ್ಪರಿಗೆಗೆ ಇಳಿದು, ಕೊಪ್ಪರಿಗೆಯಿಂದ ಅವನ ಬಾಯಿಗೆ ನುಗ್ಗಿತು.

ಗುಡಾಣರಾಯ ಒಂದು ಸಲ ತೇಗಿದ. ಆಮೇಲೆ ತನ್ನ ಕೈ ನೋಡಿಕೊಂಡ. ಕೈ ನಡುಗುತ್ತಿತ್ತು. "ಇದೇನಿದು?" ಎಂದ. ತನ್ನ ದನಿಗೇ ಬೆಚ್ಚಿದ. ಪಾತ್ರೆಗಳು ಬೀಳುತ್ತವೆ ಎನ್ನಿಸಿತು, ಹಿಂದೆ ಸರಿದ. ದೂತ ಹತ್ತಿರ ಬಂದ, ಅವನನ್ನು ಕಂಡು ಕಿರುಚಿದ. ಗೋಡೆಗೆ ಹೆದರಿದ, ಗಾಳಿಗೆ ಹೆದರಿದ, ತನ್ನ ಕಾಲಿಗೇ ಹೆದರಿ ಓಡಿದ. "ಎಲ್ಲಿ ಬಚ್ಚಿಟ್ಟುಕೊಳ್ಳಲಿ, ಎಲ್ಲಿ!" ಎಂದು ಅಲ್ಲಿ ಇಲ್ಲಿ ತಡಕಿ, ಕೊನೆಗೆ ಕೊಪ್ಪರಿಗೆಯೊಳಕ್ಕೆ ಹಾರಿ, ತಾನೇ ಮುಚ್ಚಳ ಎಳೆದುಕೊಂಡ.

ಹಾಕಿದ ಜಾತಿಯದ್ದನ್ನೆಲ್ಲ ಎಳೆದುಕೊಳ್ಳುವ ಕೊಪ್ಪರಿಗೆ ತಾನೇ? ದೂತ ಹೊಗೆಯಾಗಿ ಮುಚ್ಚಳದ ಸಂದಿಯಲ್ಲಿ ಒಳಹೋದ. ಯಾವ ಯಾವ ಅರಮನೆಗಳ ಮೂಲೆಯಲ್ಲಿ ಯಾವ ಯಾವ ಮಾಂತ್ರಿಕರು ದೊರೆಗಳ ಕಿವಿಯಲ್ಲಿ ಪಿಸುಗುಡುತ್ತಿದ್ದರೋ, ಅವರೆಲ್ಲ ಕೂತಲ್ಲಿಂದಲೇ ಹೊಗೆಯಾಗಿ ಬಂದು ಒಳಹೋದರು. ದೇಮವ್ವ ಮುಚ್ಚಳಕ್ಕೆ ಹಗ್ಗ ಬಿಗಿದಳು. ಒಂದು ಅಟ್ಟಣೆಯನ್ನು ನೂಕಿದಳು. ಅದು ಇನ್ನೊಂದರ ಮೇಲೆ ಬಿತ್ತು, ಇನ್ನೊಂದು ಮತ್ತೊಂದರ ಮೇಲೆ. ಪಾತ್ರೆಗಳು ಒಡೆದವು. ಮಳೆ ಪಡುವಲಕ್ಕೆ ಹೊರಟಿತು. ಹಾಡು ಜೇನುನಾಡಿಗೆ ಹೊರಟಿತು. ಮಕ್ಕಳು ಕಣ್ಣುಜ್ಜಿಕೊಂಡು ಹೊರಬಂದರು. ಉಪ್ಪು, ಕಬ್ಬಿಣ, ಕಣಿವೆನಾಡಿನ ಜನ, ಎಲ್ಲವೂ ಇದ್ದಲ್ಲಿಗೆ ಮರಳಿದವು. ಕುದುರೆಗಳು ಮತ್ತೆ ದೊರೆಗಳಾದವು. ಮನುಷ್ಯರಾದ ಗುರುತಿಗೆ, ಈ ಅರಮನೆ ಯಾರಿಗೆ ಸೇರಬೇಕೆಂದು ಮೊದಲು ಜಗಳ ಶುರು ಮಾಡಿದರು.

ದೇಮವ್ವ ಹಾಯಾಗಿ ಒಂದು ಮೆಟ್ಟಿಲ ಮೇಲೆ ಕೂತಳು. ಮೈ ಹಗುರ. ಮನಸ್ಸು ಹಗುರ. ದೊರೆಗಳ ಜಗಳ ನೋಡುತ್ತ ಕೂತಿದ್ದಳು. ಎಷ್ಟು ಹೊತ್ತಾಯಿತೋ, ಎದೆ ಒದ್ದೆಯಾಯಿತು. ಹಾಲು ಇಳಿದು ರವಿಕೆ ತೊಯ್ದಿತ್ತು.

"ಓ, ಮಗು" ಎಂದುಕೊಂಡಳು. ಆಮೇಲೆ ಹೋದರಾಯಿತು ಎಂದೂ ಅಂದುಕೊಂಡಳು.

ಹಾಗೆ ಅಂದುಕೊಂಡದ್ದು ಅವಳಿಗೇ ವಿಚಿತ್ರವಾಗಿ ಕೇಳಿಸಿತು. ಮಗು ಎಲ್ಲೋ ಇದೆ, ನಾನು ಇಲ್ಲಿದ್ದೇನೆ, ಎದೆ ಢವಢವ ಎನ್ನಬೇಕಿತ್ತು. ಎನ್ನುತ್ತಿಲ್ಲ. ನನಗೇ ಹೀಗಾದರೆ ಗುಜ್ಜವ್ವನಿಗೆ? ನಾಡಿನ ತಾಯಂದಿರಿಗೆಲ್ಲ? ಹೆದರಿಕೆಯಿಲ್ಲದ ಊರಿನಲ್ಲಿ ಬಾವಿಯ ಹತ್ತಿರ ಹೋಗುವ ಮಗುವನ್ನು ಯಾರು ಎಳೆದುಕೊಳ್ಳುತ್ತಾರೆ?

ಯೋಚನೆ ಬಂತು, ಭಯ ಮಾತ್ರ ಬರಲಿಲ್ಲ. ಸುತ್ತ ನೋಡಿದಳು. ಕೊಪ್ಪರಿಗೆಯ ಅಂಚಿಗೆ ಹೊರಗಡೆ ಒಂದಿಷ್ಟು ಮಸಿ ಅಂಟಿ ಉಳಿದಿತ್ತು. ಸೆರಗಿನಿಂದ ಅದನ್ನು ಬಳಿದುಕೊಂಡಳು. ಬೆರಳಿಗೆ ಒಂಚೂರು ತಾಗಿಸಿ ಕೆನ್ನೆಗೆ ಇಟ್ಟುಕೊಂಡಳು.

ಎದೆಗೆ ಯಾರೋ ಗುದ್ದಿದಂತಾಯಿತು. "ಅಯ್ಯೋ ನನ್ನ ಮಗು!" ಎಂದು ಎದ್ದು ಓಡಿದಳು.

ಅರಮನೆಯ ಹಿಂದೆ ಹೊಳೆ ಹರಿಯುತ್ತಿತ್ತು. ಹೊಳೆಗಳೆಲ್ಲ ತೊರೆನಾಡಿಗೇ ಇಳಿಯುವಂಥವು. ದಡದಲ್ಲಿ ಒಂದು ದೋಣಿ ಇತ್ತು. ಅಂಬಿಗರ ಮಗಳು ಹುಟ್ಟು ಹಿಡಿದಳು, ಅಂಗೈ ಬಿರಿಯುವ ಹಾಗೆ ಹಾಕಿದಳು. ಗಡಿ ದಾಟಿದಂತೆ ದಡದಲ್ಲಿ ಕಂಡದ್ದು ಒಂದೊಂದೂ ಅವಳ ಉಸಿರು ನಿಲ್ಲಿಸಿತು. ಒಬ್ಬಳು ಮಡುವಿನಲ್ಲಿ ಕುತ್ತಿಗೆವರೆಗೆ ನಿಂತು ನಗುತ್ತ ಬಟ್ಟೆ ಜಾಲಿಸುತ್ತಿದ್ದಳು, ಮೊಸಳೆಯೊಂದು ಅವಳ ಕಡೆಗೇ ಈಜುತ್ತಿತ್ತು. ದೇಮವ್ವ ದೋಣಿಯನ್ನು ಅಡ್ಡ ತಿರುಗಿಸಿ ಹುಟ್ಟಿನಿಂದ ಮೊಸಳೆಯ ಮೂತಿಗೆ ಬಾರಿಸಿ, ಆ ಹೆಂಗಸಿನ ಕೆನ್ನೆಗೆ ಒಂದು ಬೊಟ್ಟು ಇಟ್ಟಳು. ಅವಳು ಚೀರುತ್ತ ದಡಕ್ಕೆ ಓಡಿದಳು.

ಕೋಟೆ ಕಂಡಿತು. ಗೋಡೆಯ ಅಂಚಿನ ಮೇಲೆ ಮಕ್ಕಳು ಸಾಲಾಗಿ ಓಡುತ್ತಿದ್ದರು. ಕೆಳಗೆ ತಾಯಂದಿರು ಮಾತಾಡುತ್ತ ಕೂತಿದ್ದರು. ಬುರುಜಿನ ಮೇಲೆ ಗೋವರಸ ಮರಳಿ ಬಂದ ಕಠಾರಿಯನ್ನು ಮೇಲೆತ್ತಿ ಕೂಗುತ್ತಿದ್ದ: "ನಮಗೆ ಈಗ ಯಾರ ಭಯವೂ ಇಲ್ಲ! ಮೊದಲು ಜೇನುನಾಡು, ಆಮೇಲೆ ಪಡುವಲ, ಆಮೇಲೆ ಭೂಮಿಯೆಲ್ಲ! ಸತ್ತರೆ ಸತ್ತೆವು!" ಸೈನಿಕರು ಹೋ ಎಂದರು. ಪಕ್ಕದಲ್ಲಿ, ಅಟ್ಟದಿಂದ ಇಳಿದು ಬಂದ ಗುಜ್ಜವ್ವ ಪುರಿ ತಿನ್ನುತ್ತ ಕೂತಿದ್ದಳು. ಅವಳ ಮುಂದೆ, ಬುರುಜಿನ ತುದಿಯಲ್ಲಿ, ಚಾಗಿ. ಒಂದು ಚಿಟ್ಟೆ ಅಂಚಿನಾಚೆ ಹಾರುತ್ತಿತ್ತು. ಮಗು ಅದರ ಹಿಂದೆ ಅಂಬೆಗಾಲಿಡುತ್ತಿತ್ತು.

"ಗುಜ್ಜವ್ವಾ, ಮಗು! ಮಗು ಹಿಡಿ!"

"ಏನಾಗ್ತದೆ ಬಿಡು ನನ್ನವ್ವಾ" ಎಂದಳು ಗುಜ್ಜವ್ವ ನಗುತ್ತ.

ದೇಮವ್ವ ಮೆಟ್ಟಿಲು ಹತ್ತಿದಳೋ ಹಾರಿದಳೋ ಅವಳಿಗೇ ಗೊತ್ತಿಲ್ಲ. ಮಗುವಿನ ಒಂದು ಕೈ ಗಾಳಿಯಲ್ಲಿತ್ತು. ಇನ್ನೊಂದು ಕೈಯೂ ಗಾಳಿಗೆ ಹೋಯಿತು. ಹೊಟ್ಟೆಯ ಮೇಲೆ ಬಿದ್ದು ಜಾರಿದಳು. ಬೆರಳಿಗೆ ಒಂದು ಪುಟ್ಟ ಪಾದ ಸಿಕ್ಕಿತು. ತಲೆಕೆಳಗಾಗಿ ಜೋತಾಡುತ್ತಿದ್ದ ಚಾಗಿ ಕಿಲಕಿಲ ನಕ್ಕ.

ಎಳೆದುಕೊಂಡು ಎದೆಗಪ್ಪಿದಳು. ಆಮೇಲೆ ಸೆರಗು ಬಿಚ್ಚಿ ಮಗುವಿನ ಕೆನ್ನೆಗೆ ಒಂದು ಕಪ್ಪು ಬೊಟ್ಟು ಇಟ್ಟಳು. ಮಗು ಅಂಚನ್ನು ನೋಡಿತು, ತುಟಿ ನಡುಗಿಸಿತು, ಅವಳ ಕುತ್ತಿಗೆಯನ್ನು ಗಟ್ಟಿಯಾಗಿ ತಬ್ಬಿಕೊಂಡು ಗೊಳೋ ಎಂದಿತು. ಆ ಅಳುವಿನಷ್ಟು ಚೆಂದದ ಸದ್ದನ್ನು ಅವಳು ಕೇಳಿರಲಿಲ್ಲ. ಕಣ್ಣೀರಿಗೆ ಮುತ್ತಿಟ್ಟಳು. ಉಪ್ಪಗಿತ್ತು.

ಗುಜ್ಜವ್ವನಿಗೆ ಬೊಟ್ಟು ಇಟ್ಟ ಕೂಡಲೇ "ನಾನೇನು ಮಾಡಿಬಿಟ್ಟೆನೇ!" ಎಂದು ಎದೆ ಬಡಿದುಕೊಂಡಳು. ಆಮೇಲೆ ದೇಮವ್ವ ಗೋವರಸನ ಹತ್ತಿರ ಹೋಗಿ, ಅವನು ಬಾಯಿ ಮುಚ್ಚುವ ಮೊದಲೇ ಹಣೆಗೆ ಒಂದು ಬೊಟ್ಟು ಇಟ್ಟಳು. ಗೋವರಸ ಕೆಳಗೆ ನೋಡಿದ. ಎಷ್ಟು ಎತ್ತರ! ಸೈನಿಕರ ಮುಖ ನೋಡಿದ. ಎಷ್ಟು ಎಳೆಯ ಮುಖಗಳು! ಕಠಾರಿ ಕೈಯಿಂದ ಜಾರಿತು. ಬಾವುಟದ ಕಂಬವನ್ನು ತಬ್ಬಿಕೊಂಡು ಕೂತುಬಿಟ್ಟ.

"ಅತ್ತಿಗೆ, ಇಳಿಸಿ" ಎಂದ.

"ಇಳೀತೀರಂತೆ. ಮೊದಲು ಹೇಳಿ, ಮಕ್ಕಳು ಮತ್ತೆ ಹುಟ್ತಾವಾ?"

ಅವನು ಚಾಗಿಯನ್ನು ನೋಡಿದ, ತಲೆ ತಗ್ಗಿಸಿದ. "ಇವನು ಹುಟ್ಟಲ್ಲ" ಎಂದ. ಕಣ್ಣಲ್ಲಿ ನೀರಿತ್ತು.

ದೇಮವ್ವ ಅವನನ್ನು ಗಡೀಪಾರು ಮಾಡಲಿಲ್ಲ. ದಂಡನ್ನು ಕಿತ್ತುಕೊಂಡು, ಬೇರೆ ನಾಡುಗಳ ಜೊತೆ ಸಂಧಿ ಮಾತಾಡುವ ಕೆಲಸ ಕೊಟ್ಟಳು. ಹೆದರಿಕೆಯ ರುಚಿ ಗೊತ್ತಿದ್ದವನೇ ಆ ಕೆಲಸಕ್ಕೆ ಸರಿ ಎಂದಳು. ಅವನು ಅದನ್ನು ಚೆನ್ನಾಗಿಯೇ ಮಾಡಿದ. ಬೊಪ್ಪಣ್ಣ ಕೆಲಸ ಬಿಟ್ಟು ಮೊಮ್ಮಗಳ ಗೆಜ್ಜೆ ಕಟ್ಟಲು ಮನೆಗೆ ಹೋದ. ಕೊಪ್ಪರಿಗೆಯನ್ನು ಎಲ್ಲ ನಾಡಿನ ದೊರೆಗಳೂ ಸೇರಿ ಹೊತ್ತು ತಂದು ಹೊಳೆಯ ಆಳದ ಮಡುವಿನಲ್ಲಿ ಮುಳುಗಿಸಿದರು. ಅಲ್ಲಿ ನೀರು ಇವತ್ತಿಗೂ ಗುಳುಗುಳು ಎನ್ನುತ್ತದೆ. ಪಕ್ಕದ ನಾಡಿಗೆ ಬೆಂಕಿ ಬಿದ್ದರೆ ನೀರು ಹೊತ್ತು ಓಡುವುದು ಆಮೇಲಿನಿಂದ ತೊರೆನಾಡಿನ ಪದ್ಧತಿಯಾಯಿತು. ಚಾಗಿ ಬೆಳೆದು ಒಳ್ಳೆಯ ದೊರೆಯಾದ. ಜನ ಉಂಡು, ಉಟ್ಟು, ಮಕ್ಕಳ ಜೊತೆ ನೆಮ್ಮದಿಯಾಗಿದ್ದರು.

ಸೆರಗಿನ ಮಸಿಯನ್ನು ದೇಮವ್ವ ಮನೆಮನೆಗೂ ಹಂಚಿದಳು. ಹಂಚುವಾಗ ಒಂದೇ ಮಾತು ಹೇಳಿದಳು: "ಉಪ್ಪಿನಷ್ಟು ಹಾಕಬೇಕು. ಇಲ್ಲದೆ ಇದ್ದರೆ ಬಾಳಲ್ಲ, ಜಾಸ್ತಿಯಾದರೆ ಬಾಯಿಗೆ ಇಡೋಕಾಗಲ್ಲ."

ಮಗುವನ್ನು ಎತ್ತಿಕೊಂಡು ಹೊಸ್ತಿಲು ದಾಟುವ ಮೊದಲು ತೊರೆನಾಡಿನ ತಾಯಿ ಇವತ್ತಿಗೂ ಒಂದು ಗಳಿಗೆ ನಿಲ್ಲುತ್ತಾಳೆ. ಹೊರಗಿನ ಬೀದಿಯನ್ನು ಒಂದು ಸಲ ನೋಡುತ್ತಾಳೆ. ಆಮೇಲೆ ಬೆರಳನ್ನು ಕಪ್ಪಿಗೆ ಅದ್ದಿ, ಮಗುವಿನ ಕೆನ್ನೆಗೆ ಒಂದೇ ಒಂದು ಬೊಟ್ಟು ಇಡುತ್ತಾಳೆ.